ಗಡಿ ದಾಟಿ ಬಂದ ಗಂಡನಿಗೆ ಗ್ರೀನ್ ಕಾರ್ಡ್: ಮೊದಲು ಹಳೇ ಕಡತ ತರಿಸಿದೆವು

ನಾನು ಅಮೆರಿಕದ ಪ್ರಜೆ. ನನ್ನ ಗಂಡ ಮೆಕ್ಸಿಕೋದ ಮಿಚೋಕಾನ್‌ನವರು. ಮದುವೆಗೆ ಎಷ್ಟೋ ವರ್ಷ ಮುಂಚೆ ವೀಸಾ ಇಲ್ಲದೆ ಗಡಿ ದಾಟಿ ಬಂದವರು. "ಪ್ರಜೆಯನ್ನು ಮದುವೆಯಾದರಲ್ಲ, ಇನ್ನೇನು ಚಿಂತೆ?" ಅಂತ ಎಲ್ಲರೂ ಕೇಳುತ್ತಿದ್ದರು. ಅಷ್ಟು ಸುಲಭವಲ್ಲ. ಗಡಿಯಲ್ಲಿ ತಪಾಸಣೆಯಿಲ್ಲದೆ ಒಳಗೆ ಬಂದವರಿಗೆ ಸಾಮಾನ್ಯವಾಗಿ ಅಮೆರಿಕದಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಸಿಗುವುದಿಲ್ಲ. ಹೊರಗೆ ಹೋಗಿ ವೀಸಾ ತರಬೇಕು. ಆದರೆ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಅಕ್ರಮವಾಗಿ ಇದ್ದವರು ಹೊರಗೆ ಕಾಲಿಟ್ಟ ಕೂಡಲೇ 10 ವರ್ಷದ ನಿಷೇಧ ಶುರುವಾಗುತ್ತದೆ. 1996ರ ಕಾನೂನು ಇದು. ಇದಕ್ಕೆ ಮೊದಲೇ ಮಾಫಿ ಪಡೆದು ಹೋಗಲು 2013ರಿಂದ ಒಂದು ದಾರಿ ಇದೆ. ಐ-601ಎ ವೇವರ್ ಅಂತಾರೆ.

ನಮ್ಮ ಭಯ ಬೇರೆಯೇ ಇತ್ತು. ಇವರು ಒಳಗೆ ಬರುವುದಕ್ಕೆ ಮುಂಚೆ ಒಂದು ಸಲ ಗಡಿಯಲ್ಲಿ ಸಿಕ್ಕಿಬಿದ್ದಿದ್ದರು. ಬೆರಳಚ್ಚು ತೆಗೆದುಕೊಂಡು, ಯಾವುದೋ ಕಾಗದಕ್ಕೆ ಸಹಿ ಹಾಕಿಸಿ, ವಾಪಸ್ ಕಳಿಸಿದ್ದರು. ಯಾವ ಕಾಗದ ಅಂತ ಇವರಿಗೆ ನೆನಪಿರಲಿಲ್ಲ. ರಾತ್ರಿಯಿಡೀ ನಡೆದು ಸುಸ್ತಾದ ಹುಡುಗನಿಗೆ ಅದೆಲ್ಲ ಹೇಗೆ ನೆನಪಿರುತ್ತೆ?

ಆದರೆ ಆ ಒಂದು ಕಾಗದದ ಮೇಲೆ ಎಲ್ಲವೂ ನಿಂತಿತ್ತು. ಅದು ಸ್ವಇಚ್ಛೆಯಿಂದ ವಾಪಸ್ ಹೋದದ್ದಾದರೆ ಗಡೀಪಾರು ಅಲ್ಲ. ತ್ವರಿತ ಗಡೀಪಾರು ಆದೇಶ, ಅಂದರೆ ಐ-860 ಆಗಿದ್ದರೆ ಕಥೆಯೇ ಬೇರೆ. ಆ ಆದೇಶದ ನಂತರ ಮತ್ತೆ ಕದ್ದು ಬಂದವರಿಗೆ ಶಾಶ್ವತ ನಿಷೇಧ. ಒಟ್ಟು ಒಂದು ವರ್ಷ ಮೀರಿ ಅಕ್ರಮವಾಗಿದ್ದು, ಹೊರಗೆ ಹೋಗಿ, ಪುನಃ ನುಗ್ಗಲು ನೋಡಿದವರಿಗೂ ಅದೇ ಗತಿ. ದಾಟಬೇಕಂತಿಲ್ಲ, ಪ್ರಯತ್ನಪಟ್ಟರೆ ಸಾಕು. ಅಂಥವರು 10 ವರ್ಷ ಹೊರಗಿದ್ದ ಮೇಲಷ್ಟೇ ಐ-212 ಅನ್ನುವ ಅರ್ಜಿ ಹಾಕಿ ಮತ್ತೆ ಬರಲು ಅನುಮತಿ ಕೇಳಬಹುದು. ಐ-601ಎ ಅವರನ್ನು ಕಾಪಾಡುವುದಿಲ್ಲ. ವೇವರ್ ಕೈಯಲ್ಲಿದ್ದರೂ ವೀಸಾ ಕೊಡುವ ಅಮೆರಿಕದ ಕಾನ್ಸುಲೇಟ್‌ನಲ್ಲಿ ಇಂಥ ಬೇರೆ ಅಡ್ಡಿ ಕಂಡರೆ ಅದು ತಾನಾಗಿಯೇ ರದ್ದಾಗುತ್ತದೆ, ಮನುಷ್ಯ ಹೊರಗೇ ಉಳಿಯುತ್ತಾನೆ.

ಹಾಗಾಗಿ ನಮ್ಮ ವಕೀಲೆ ಗಂಡನಿಗಾಗಿ ನಾನು ಹಾಕಬೇಕಾದ ಐ-130 ಅರ್ಜಿಯನ್ನು ಮುಟ್ಟುವ ಮೊದಲೇ ಫೋಯಾ ಅರ್ಜಿ, ಅಂದರೆ ಸರ್ಕಾರದ ಬಳಿಯಿರುವ ದಾಖಲೆ ಕೇಳುವ ಅರ್ಜಿ ಹಾಕಿಸಿದರು. ವಲಸೆ ಇಲಾಖೆಗೆ ಒಂದು, ಗಡಿ ಇಲಾಖೆಗೆ ಇನ್ನೊಂದು. ಎಫ್‌ಬಿಐಗೆ 18 ಡಾಲರ್ ಕಟ್ಟಿ ಬೆರಳಚ್ಚಿನ ದಾಖಲೆಯನ್ನೂ ತರಿಸಿದೆವು. ಅದಕ್ಕೂ ಮುಂಚೆ ನಾವು ಕಂಡಿದ್ದ ಒಬ್ಬ ನೋಟರಿ "ಅದೆಲ್ಲ ಯಾಕೆ, ಸಿಕ್ಕಿಬಿದ್ದದ್ದನ್ನು ಬರೆಯಲೇಬೇಡಿ" ಅಂದಿದ್ದ. ದಯವಿಟ್ಟು ಇಂಥ ಮಾತು ಕೇಳಬೇಡಿ. ಮೆಕ್ಸಿಕೋದಲ್ಲಿ ನೋಟಾರಿಯೋ ಅಂದರೆ ದೊಡ್ಡ ವಕೀಲ. ಅಮೆರಿಕದ ನೋಟರಿಗೆ ಕಾನೂನು ಸಲಹೆ ಕೊಡುವ ಅಧಿಕಾರವೇ ಇಲ್ಲ. ಬೆರಳಚ್ಚು ಸರ್ಕಾರದ ಬಳಿ ಇರುವಾಗ ಮುಚ್ಚಿಟ್ಟರೆ, ಮಾಫಿ ಸಿಗಬಹುದಾಗಿದ್ದ ವಿಷಯವೂ ಸುಳ್ಳು ಹೇಳಿಕೆಯಾಗಿ ಇನ್ನೊಂದು ಅಡ್ಡಿಯಾಗುತ್ತದೆ.

ಕಡತ ಬಂತು. ಒಳಗಿದ್ದದ್ದು ಐ-826, ಸ್ವಇಚ್ಛೆಯಿಂದ ವಾಪಸ್ ಹೋಗುವ ಕಾಗದ. ಆ ದಿನ ನಾವಿಬ್ಬರೂ ಅತ್ತೆವು.

ಆಮೇಲೆ ಐ-130. ಈಗ ಕಾಗದದಲ್ಲಿ ಹಾಕಿದರೆ 675 ಡಾಲರ್, ಆನ್‌ಲೈನ್‌ನಲ್ಲಿ 625. ಮದುವೆ ನಿಜವೆಂದು ತೋರಿಸುವುದಷ್ಟೇ ಅಲ್ಲಿ ಕೆಲಸ.

ಕಷ್ಟದ ಭಾಗ ವೇವರ್‌ನದ್ದು. ತೋರಿಸಬೇಕಾದ್ದು ಇವರ ಕಷ್ಟವಲ್ಲ, ನನ್ನದು. ಪ್ರಜೆಯಾದ ಅಥವಾ ಗ್ರೀನ್ ಕಾರ್ಡ್ ಇರುವ ಸಂಗಾತಿಗೆ, ಇಲ್ಲವೇ ತಂದೆ ತಾಯಿಗೆ ಆಗುವ ವಿಪರೀತ ಕಷ್ಟವನ್ನಷ್ಟೇ ನೋಡುತ್ತಾರೆ. ಮಕ್ಕಳ ಸಂಕಟ ನೇರವಾಗಿ ಲೆಕ್ಕಕ್ಕಿಲ್ಲ. ಅದು ನನ್ನ ಮೇಲೆ ಹೇಗೆ ಬೀಳುತ್ತದೆ ಅಂತ ಬರೆಯಬೇಕು. ಎರಡೂ ಕಡೆ ಯೋಚಿಸಿ ಬರೆದೆ. ಇವರಿಲ್ಲದೆ ನಾನು ಇಲ್ಲೇ ಉಳಿದರೆ ಏನು, ಇವರ ಜೊತೆ ಹೋದರೆ ಏನು ಅಂತ. ನನ್ನ ಕಾಯಿಲೆಯ ಬಗ್ಗೆ ಡಾಕ್ಟರ್ ಪತ್ರ, ಮನೆ ಸಾಲದ ಕಾಗದ, ನನ್ನಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು ಇವರೇ ಅನ್ನುವುದಕ್ಕೆ ಆಸ್ಪತ್ರೆಯ ದಾಖಲೆ. ಮಿಚೋಕಾನ್‌ಗೆ "ಹೋಗಬೇಡಿ" ಅನ್ನುವ ಅಮೆರಿಕ ಸರ್ಕಾರದ 4ನೇ ಹಂತದ ಎಚ್ಚರಿಕೆಯನ್ನೂ ಸೇರಿಸಿದೆವು. "ಅವರಿಲ್ಲದೆ ಬದುಕಲಾರೆ" ಅನ್ನುವುದು ನಿಜ, ಆದರೆ ಅಗಲಿಕೆಯ ನೋವು ಎಲ್ಲರಿಗೂ ಇರುವಂಥದ್ದೇ ಅಂತ ಪಕ್ಕಕ್ಕಿಡುತ್ತಾರೆ. ಪ್ರತಿ ಮಾತಿಗೂ ಒಂದು ಕಾಗದ ಬೇಕು.

ಮಂಜೂರಿಗೆ ವರ್ಷಗಳೇ ಹಿಡಿದವು. ಆ ಸಮಯದಲ್ಲಿ ಕೆಲಸದ ಪರವಾನಗಿಯೂ ಇಲ್ಲ, ಗಡೀಪಾರಿನಿಂದ ರಕ್ಷಣೆಯೂ ಇಲ್ಲ. ಇವರು ಕೆಲಸಕ್ಕೆ ಹೋಗಿ ಅರ್ಧ ಗಂಟೆ ತಡವಾದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಕೊನೆಗೆ ಮೆಕ್ಸಿಕೋದ ಗಡಿ ಊರು ಸಿಯುದಾದ್ ಹುವಾರೆಸ್‌ನ ಕಾನ್ಸುಲೇಟ್‌ನಲ್ಲಿ ಸಂದರ್ಶನ. ವೈದ್ಯಕೀಯ ತಪಾಸಣೆ, ಬೆರಳಚ್ಚು, ಆಮೇಲೆ ಕಿಟಕಿ. ಅಧಿಕಾರಿ ಕೇಳಿದ್ದು ಗಡಿಯ ಬಗ್ಗೆಯೇ. ಎಷ್ಟು ಸಲ ಪ್ರಯತ್ನಪಟ್ಟಿರಿ, ಯಾರನ್ನಾದರೂ ಕರೆತಂದಿರಾ, ಬೇರೆಯವರ ಕಾಗದ ತೋರಿಸಿದಿರಾ? ಇವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅದು ಕಡತಕ್ಕೆ ಸರಿಯಾಗಿ ಹೊಂದಿತು. ವೀಸಾ ಬಂತು. ಎಲ್ ಪಾಸೋ ಸೇತುವೆ ಮೇಲೆ ನಡೆದುಕೊಂಡೇ ಈಚೆ ಬಂದರು.

ಫೋಯಾ ಕಡತವನ್ನು ಇನ್ನೂ ಜೋಪಾನವಾಗಿ ಇಟ್ಟಿದ್ದೇವೆ. ಗ್ರೀನ್ ಕಾರ್ಡ್ ಸಿಕ್ಕು, ನನ್ನ ಜೊತೆ ಬಾಳಿ 3 ವರ್ಷವಾದರೆ ಇವರು ಪೌರತ್ವಕ್ಕೆ ಅರ್ಜಿ ಹಾಕಬಹುದು. ಆಗ ಹಳೆಯ ದಾಖಲೆಯನ್ನೆಲ್ಲ ಮತ್ತೆ ನೋಡುತ್ತಾರೆ.