ಎರಡು ಸ್ಯಾನ್, ಒಂದೇ ಟೇಪ್ ಲೈಬ್ರರಿ: ಎಲ್ಸಾನ್ ಝೋನಿಂಗ್ ಮಾಡುವ ಕ್ರಮ

ಬಳ್ಳಾರಿ ಜಿಲ್ಲೆಯ ತೋರಣಗಲ್ಲು ಕಡೆಯ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರೇಜ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಎರಡು ಸ್ಯಾನ್ ಇವೆ, ಅಂದರೆ ಸರ್ವರ್‌ಗಳನ್ನು ಡಿಸ್ಕ್, ಟೇಪ್‌ಗಳಿಗೆ ಜೋಡಿಸುವ ಪ್ರತ್ಯೇಕ ಜಾಲಗಳು. ಒಂದು ಪ್ಲಾಂಟ್ ಕಡೆಯದು, ಉತ್ಪಾದನೆಯ ಡೇಟಾಬೇಸ್‌ಗಳೆಲ್ಲ ಅದರ ಮೇಲೆ. ಇನ್ನೊಂದು ಆಫೀಸಿನದು: ಲೆಕ್ಕ, ಸಂಬಳ, ಮೇಲ್. ಎರಡೂ ಕಡೆ ಬ್ರೋಕೇಡ್ ಸ್ವಿಚ್‌ಗಳೇ. ಟೇಪ್ ಲೈಬ್ರರಿ ಮಾತ್ರ ಒಂದೇ, ಅದೂ ಆಫೀಸ್ ಕಡೆ ಕೂತಿದೆ. ಪ್ಲಾಂಟ್‌ನ ಬ್ಯಾಕಪ್ ಸರ್ವರ್‌ಗೂ ಅದು ಸಿಗಬೇಕು.

ಯಾರನ್ನೇ ಕೇಳಿ, ಮೊದಲು ಬರುವ ಸಲಹೆ "ನಡುವೆ ಒಂದು ಕೇಬಲ್ ಎಳೆದುಬಿಡಿ" ಅನ್ನುವುದು. ಬೇಡ. ಎರಡು ಸ್ವಿಚ್‌ಗಳ ಇ-ಪೋರ್ಟ್‌ಗಳನ್ನು (ಸ್ವಿಚ್‌ಗೆ ಸ್ವಿಚ್ ಸೇರಿಸುವ ಪೋರ್ಟ್) ನೇರವಾಗಿ ಜೋಡಿಸಿದರೆ ಎರಡು ಫ್ಯಾಬ್ರಿಕ್, ಅಂದರೆ ಎರಡು ಕಡೆಯ ಸ್ವಿಚ್‌ಗಳ ಜಾಲ, ಸೇರಿ ಒಂದಾಗಲು ಹೊರಡುತ್ತವೆ. ಎರಡೂ ಕಡೆ ಡೊಮೈನ್ ಐಡಿ (ಸ್ವಿಚ್‌ನ ನಂಬರ್) 1 ಇದ್ದರೆ, ಇಲ್ಲವೇ ಒಂದೇ ಹೆಸರಿನ ಝೋನ್‌ನಲ್ಲಿ (ಯಾವ ಸಾಧನ ಯಾವುದನ್ನು ಕಾಣಬಹುದು ಅನ್ನುವ ಪಟ್ಟಿ) ಬೇರೆ ಬೇರೆ ಸದಸ್ಯರಿದ್ದರೆ ಲಿಂಕ್ ಸೆಗ್ಮೆಂಟ್ ಆಗುತ್ತದೆ, ಅಂದರೆ ಫ್ಯಾಬ್ರಿಕ್‌ಗಳು ಸೇರುವುದಿಲ್ಲ. ಅದು ಅದೃಷ್ಟ ಅಂದುಕೊಳ್ಳಿ. ಗಲಾಟೆ ಇಲ್ಲದೆ ಸೇರಿಕೊಂಡರೇ ಕಷ್ಟ ಜಾಸ್ತಿ. ಅಲ್ಲಿಂದಾಚೆ ಆಫೀಸ್ ಕಡೆ ಒಬ್ಬರು ಝೋನ್ ಕಾನ್ಫಿಗ್ ಎನೇಬಲ್ ಮಾಡಿದರೆ ಅದು ಪ್ಲಾಂಟಿಗೂ ಅನ್ವಯ.

ನಮಗೆ ಬೇಕಾಗಿರುವುದು ಎಫ್‌ಸಿ (ಫೈಬರ್ ಚಾನೆಲ್) ರೂಟರ್. ಫ್ಯಾಬ್ರಿಕ್‌ಗಳು ಬೇರೆಯಾಗಿಯೇ ಇರುತ್ತವೆ, ನೀವು ಹೇಳಿದ ಸಾಧನಗಳು ಮಾತ್ರ ಆಚೆ ಕಡೆಯೂ ಕಾಣುತ್ತವೆ. ಯಾವುದು ಕಾಣಬೇಕು ಅಂತ ಹೇಳುವ ಝೋನೇ ಎಲ್ಸಾನ್. ಸಿಸ್ಕೋ ಸ್ವಿಚ್ ಇರುವವರಿಗೆ ಇದೇ ಕೆಲಸಕ್ಕೆ ಐವಿಆರ್ ಇದೆ. ಅದರ ಕ್ರಮ ಬೇರೆ, ಇಲ್ಲಿ ಹೇಳುತ್ತಿಲ್ಲ.

ಕಮಾಂಡ್‌ಗಳನ್ನು ಕನ್ನಡದಲ್ಲಿ ಓದುವ ಹಾಗೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ, ಹೆಸರಿನ ನಡುವೆ ಜಾಗವಾಗಲಿ ಅಡ್ಡಗೆರೆಯಾಗಲಿ ಇಲ್ಲ.

ರೂಟರ್ ಆಗುವ ಸ್ವಿಚ್‌ನಲ್ಲಿ ಮೊದಲು ಲೈಸೆನ್ಸ್ ನೋಡಿ. ಬಹಳಷ್ಟು ಮಾಡೆಲ್‌ಗಳಿಗೆ ಇಂಟಿಗ್ರೇಟೆಡ್ ರೂಟಿಂಗ್ ಲೈಸೆನ್ಸ್ ಬೇಕು. ಇದ್ದರೆ ಫಾಸ್‌ಕಾನ್ಫಿಗ್ ಕಮಾಂಡ್‌ನಿಂದ ಎಫ್‌ಸಿಆರ್ (ಎಫ್‌ಸಿ ರೂಟಿಂಗ್) ಎನೇಬಲ್ ಮಾಡಿ. ವರ್ಚುವಲ್ ಫ್ಯಾಬ್ರಿಕ್ (ಒಂದೇ ಸ್ವಿಚ್ಚನ್ನು ಹಲವು ಸ್ವಿಚ್‌ಗಳಂತೆ ಭಾಗ ಮಾಡುವುದು) ಚಾಲೂ ಇದ್ದರೆ ಇ-ಎಕ್ಸ್ ಪೋರ್ಟ್‌ಗಳು, ಅಂದರೆ ಫ್ಯಾಬ್ರಿಕ್‌ಗಳನ್ನು ಒಂದಾಗಿಸದೆ ರೂಟರ್‌ಗೆ ಜೋಡಿಸುವ ಪೋರ್ಟ್‌ಗಳು, ಅದರ ಬೇಸ್ ಸ್ವಿಚ್ ಅನ್ನುವ ಭಾಗದಲ್ಲೇ ಇರಬೇಕು. ಆಮೇಲೆ ಪ್ರತಿ ಫ್ಯಾಬ್ರಿಕ್‌ಗೂ ಒಂದು ನಂಬರ್ ಕೊಡಿ, 1ರಿಂದ 128ರ ಒಳಗೆ. ನಾವು ಪ್ಲಾಂಟಿಗೆ 10, ಆಫೀಸಿಗೆ 20 ಕೊಟ್ಟಿದ್ದೇವೆ. 128 ಸಾಮಾನ್ಯವಾಗಿ ಬ್ಯಾಕ್‌ಬೋನ್‌ದು (ರೂಟರ್ ತಾನೇ ಇರುವ ಫ್ಯಾಬ್ರಿಕ್), ಅದನ್ನು ಮುಟ್ಟಬೇಡಿ. ಪೋರ್ಟ್ ಡಿಸೇಬಲ್ ಮಾಡಿ, ಪೋರ್ಟ್‌ಸಿಎಫ್‌ಜಿ-ಇಎಕ್ಸ್‌ಪೋರ್ಟ್ ಕಮಾಂಡ್‌ಗೆ ಪೋರ್ಟ್ ನಂಬರ್, ಎ ಆಯ್ಕೆಗೆ 1, ಎಫ್ ಆಯ್ಕೆಗೆ ಫ್ಯಾಬ್ರಿಕ್ ನಂಬರ್ ಕೊಡಿ. ಇದಾದ ಮೇಲೆಯೇ ಕೇಬಲ್ ಚುಚ್ಚಿ, ಪೋರ್ಟ್ ಎನೇಬಲ್ ಮಾಡಿ. ಮೊದಲೇ ಚುಚ್ಚಿದರೆ ಅದು ಮಾಮೂಲಿ ಇ-ಪೋರ್ಟ್ ಆಗಿ ಎದ್ದು, ಮೇಲೆ ಬೇಡ ಅಂದದ್ದೇ ಆಗಿಬಿಡಬಹುದು. ಒಂದೇ ಫ್ಯಾಬ್ರಿಕ್‌ಗೆ ಎರಡು ಕೇಬಲ್ ಹಾಕುವುದಾದರೆ ಎರಡು ಪೋರ್ಟ್‌ಗೂ ಅದೇ ನಂಬರ್ ಕೊಡಿ.

ಕೇಬಲ್ ಅಂದಾಗ ಒಂದು ಮಾತು. ನಮ್ಮ ಕಡೆ ಅದಿರಿನ ಕೆಂಪು ಧೂಳು ಎಲ್ಲಿಗೂ ಬರುತ್ತದೆ, ಬಾಗಿಲು ಮುಚ್ಚಿದ ಸರ್ವರ್ ರೂಮಿಗೂ. ಎಲ್‌ಸಿ ಕನೆಕ್ಟರ್‌ನ ಬಿಳಿ ತುದಿ ಕಣ್ಣಿಗೆ ಸ್ವಚ್ಛವಾಗಿಯೇ ಕಾಣುತ್ತದೆ. ಕ್ಲೀನರ್ ಪಟ್ಟಿಯ ಮೇಲೆ ಒಮ್ಮೆ ಎಳೆದು ನೋಡಿ, ಇಟ್ಟಿಗೆ ಬಣ್ಣದ ಸಣ್ಣ ಗೆರೆ ಬೀಳುತ್ತದೆ. ಆ ಗೆರೆ ಬರುವುದು ನಿಲ್ಲುವವರೆಗೆ ಒರೆಸಿ. ಲಿಂಕ್ ಎದ್ದ ಮೇಲೆ ಎಸ್‌ಎಫ್‌ಪಿ-ಶೋನಲ್ಲಿ ಆರ್‌ಎಕ್ಸ್ ಪವರ್ (ಬಂದು ತಲುಪುವ ಬೆಳಕಿನ ಪ್ರಮಾಣ) ನೋಡಿ, ಪೋರ್ಟ್‌-ಎರ್-ಶೋನಲ್ಲಿ ಸಿಆರ್‌ಸಿ (ಕೆಟ್ಟು ಬಂದ ಫ್ರೇಮ್‌ಗಳ) ಲೆಕ್ಕ ಏರುತ್ತಿದೆಯಾ ನೋಡಿ. ಏರುತ್ತಿದ್ದರೆ ಝೋನಿಂಗ್‌ಗೆ ಕೈ ಹಾಕಬೇಡಿ, ಮೊದಲು ಕೇಬಲ್ ಸರಿಮಾಡಿ.

ಈಗ ಝೋನ್. ಇದರ ನಿಯಮಗಳು ಸಣ್ಣವು, ಆದರೆ ಜನ ಎಡವುವುದೆಲ್ಲ ಇಲ್ಲೇ.

ಝೋನ್ ಹೆಸರು ಎಲ್‌ಎಸ್‌ಎಎನ್ ಅನ್ನುವ ನಾಲ್ಕು ಅಕ್ಷರ, ಅದಕ್ಕೆ ಅಂಟಿಕೊಂಡ ಅಂಡರ್‌ಸ್ಕೋರ್‌ನಿಂದ ಶುರುವಾಗಬೇಕು. ದೊಡ್ಡಕ್ಷರ, ಸಣ್ಣಕ್ಷರ ಯಾವುದಾದರೂ ನಡೆಯುತ್ತದೆ. ಸದಸ್ಯರನ್ನು ಪೋರ್ಟ್ ಡಬ್ಲ್ಯುಡಬ್ಲ್ಯುಎನ್‌ನಿಂದಲೇ (ಪ್ರತಿ ಪೋರ್ಟ್‌ಗೂ ಇರುವ ವಿಶಿಷ್ಟ ವಿಳಾಸ) ಹೇಳಬೇಕು. ಡೊಮೈನ್-ಪೋರ್ಟ್ ನಂಬರ್ ಇಲ್ಲಿ ನಡೆಯುವುದಿಲ್ಲ. ಎರಡು ಕಡೆಯೂ ಡೊಮೈನ್ 1 ಇರಬಹುದಲ್ವಾ, ಆಗ ರೂಟರ್‌ಗೆ ಯಾವುದು ಅಂತ ಗೊತ್ತಾಗಬೇಕು ಹೇಗೆ? ಸರ್ವರ್‌ನದು ಲಿನಕ್ಸ್‌ನಲ್ಲಿ ಎಫ್‌ಸಿ-ಹೋಸ್ಟ್ ಫೋಲ್ಡರ್‌ನ ಪೋರ್ಟ್-ನೇಮ್ ಫೈಲ್‌ನಲ್ಲಿ ಸಿಗುತ್ತದೆ. ಪಕ್ಕದ ನೋಡ್-ನೇಮ್ ಫೈಲ್ ಅಲ್ಲ. ಟೇಪ್ ಡ್ರೈವ್‌ನದು ಆಫೀಸ್ ಸ್ವಿಚ್‌ನ ಎನ್‌ಎಸ್-ಶೋನಲ್ಲಿದೆ.

ಮುಖ್ಯ ನಿಯಮ ಇದು: ಝೋನ್ ಎರಡೂ ಫ್ಯಾಬ್ರಿಕ್‌ನಲ್ಲಿ ಇರಬೇಕು, ಎರಡರಲ್ಲೂ ಸರ್ವರ್ ಮತ್ತು ಟೇಪ್ ಎರಡೂ ಸದಸ್ಯರಾಗಿರಬೇಕು. ಇದು ಬೀಗರ ಮಾತುಕತೆಯ ಹಾಗೆ, ಎರಡು ಮನೆಯವರೂ ಹೂಂ ಅನ್ನಬೇಕು. ರೂಟರ್ ಹೆಸರು ಹೋಲಿಸುವುದಿಲ್ಲ, ಡಬ್ಲ್ಯುಡಬ್ಲ್ಯುಎನ್ ಹೋಲಿಸುತ್ತದೆ. ಆದ್ದರಿಂದ ಹೆಸರು ಬೇರೆ ಇದ್ದರೂ ಕೆಲಸ ಆಗುತ್ತದೆ. ಆದರೂ ನಾನು ಒಂದೇ ಹೆಸರು ಇಡುತ್ತೇನೆ. ರಾತ್ರಿ ಫೋನ್ ಬಂದಾಗ ಹುಡುಕುವುದು ಸುಲಭ.

ಎರಡೂ ಕಡೆ ಝೋನ್‌ಕ್ರಿಯೇಟ್ ಮಾಡಿ. ಸಿಎಫ್‌ಜಿ-ಆಡ್‌ನಿಂದ ಈಗ ಚಾಲೂ ಇರುವ ಕಾನ್ಫಿಗ್‌ಗೇ ಸೇರಿಸಿ, ಸುಮ್ನೆ ಹೊಸದೊಂದು ಮಾಡಬೇಡಿ. ಹೊಸದನ್ನು ಎನೇಬಲ್ ಮಾಡಿದರೆ ಹಳೆಯ ಝೋನ್‌ಗಳು ಜಾರಿಯಿಂದ ಹೋಗುತ್ತವೆ. ಸಿಎಫ್‌ಜಿ-ಎನೇಬಲ್ ಒತ್ತುವ ಮೊದಲು ಸಿಎಫ್‌ಜಿ-ಟ್ರಾನ್ಸ್-ಶೋ ನೋಡಿ, ಇನ್ನೊಬ್ಬರು ಅರ್ಧ ಬದಲಾವಣೆ ಮಾಡಿ ಬಿಟ್ಟಿರಬಹುದು. ಬ್ಯಾಕಪ್ ಓಡುತ್ತಿರುವಾಗ ಇದನ್ನು ಮಾಡಬೇಡಿ. ಝೋನ್ ಬದಲಾದಾಗ ಸಾಧನಗಳಿಗೆ ಸೂಚನೆ ಹೋಗುತ್ತದೆ, ಡಿಸ್ಕ್ ಅದನ್ನು ತಡೆದುಕೊಳ್ಳುತ್ತದೆ, ನಡುವೆ ಬರೆಯುತ್ತಿರುವ ಟೇಪ್ ಕೆಲವೊಮ್ಮೆ ತಡೆದುಕೊಳ್ಳುವುದಿಲ್ಲ.

ಆಯಿತಾ ಅಂತ ನೋಡಬೇಕಾದ್ದು ರೂಟರ್‌ನಲ್ಲಿ. ಎಲ್ಸಾನ್-ಝೋನ್-ಶೋ ಕಮಾಂಡ್‌ಗೆ ಎಸ್ ಆಯ್ಕೆ ಕೊಟ್ಟರೆ ಪ್ರತಿ ಸದಸ್ಯನ ಸ್ಥಿತಿ ಬರುತ್ತದೆ. ಪ್ಲಾಂಟ್ ಕಡೆಯ ಪಟ್ಟಿಯಲ್ಲಿ ಸರ್ವರ್ 'ಎಕ್ಸಿಸ್ಟ್', ಟೇಪ್ 'ಇಂಪೋರ್ಟೆಡ್' ಅಂತ ಇರಬೇಕು. ಆಫೀಸ್ ಕಡೆಯದರಲ್ಲಿ ಇದರ ಉಲ್ಟಾ. 'ಕಾನ್ಫಿಗರ್ಡ್' ಅಂತ ಮಾತ್ರ ಇದ್ದರೆ ಆ ಸಾಧನ ಆ ಫ್ಯಾಬ್ರಿಕ್‌ನಲ್ಲೂ ಇಲ್ಲ, ಆಚೆಯಿಂದ ಇಂಪೋರ್ಟ್ ಕೂಡ ಆಗಿಲ್ಲ. ಸಾಮಾನ್ಯವಾಗಿ ಡಬ್ಲ್ಯುಡಬ್ಲ್ಯುಎನ್ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿರುತ್ತದೆ, ಇಲ್ಲವೇ ಡ್ರೈವ್ ಆಫ್ ಆಗಿರುತ್ತದೆ. ಕೆಲಸ ಆಗಿದ್ದರೆ ಪ್ಲಾಂಟ್‌ನ ಫ್ಯಾಬ್ರಿಕ್-ಶೋನಲ್ಲಿ ಎಫ್‌ಸಿಆರ್ ಹೆಸರಿನ ಹೊಸ ಡೊಮೈನ್‌ಗಳು ಕಾಣುತ್ತವೆ. ಗಾಬರಿ ಬೇಡ, ಅವು ರೂಟರ್ ತೋರಿಸುವ ನೆರಳು ಸ್ವಿಚ್‌ಗಳು, ಅಷ್ಟೇ.

ಕೊನೆಗೆ ಸರ್ವರ್‌ನಲ್ಲಿ ಸ್ಕಸಿ ಬಸ್ ರೀಸ್ಕ್ಯಾನ್ ಮಾಡಿ, ಹೊಸ ಡ್ರೈವ್ ಸರ್ವರ್‌ಗೆ ಕಾಣಲಿ. ಬ್ಯಾಕಪ್ ಸಾಫ್ಟ್‌ವೇರ್‌ಗೆ ಡ್ರೈವ್‌ನ ಬೈ-ಐಡಿ ಹೆಸರನ್ನೇ (ಬದಲಾಗದ ಗುರುತಿನ ಹೆಸರು) ಕೊಡಿ. ಎಸ್‌ಟಿ-0, ಎಸ್‌ಟಿ-1 ಅನ್ನುವ ನಂಬರ್‌ಗಳು ರೀಬೂಟ್‌ನಲ್ಲಿ ಅದಲುಬದಲಾಗಬಹುದು.

ಇನ್ನೊಂದು, ಆಫೀಸ್ ಸ್ವಿಚ್ ನೋಡಿಕೊಳ್ಳುವವರಿಗೆ ಬರಹದಲ್ಲಿ ತಿಳಿಸಿ. ಅವರ ಪಟ್ಟಿಯಲ್ಲಿ ಈ ಝೋನ್‌ನ ಸರ್ವರ್ ಅವರ ಸರ್ವರ್ ಅಲ್ಲ. "ಇದು ಯಾರದೋ ಹಳೆಯದು" ಅಂತ ಅಳಿಸಿಬಿಟ್ಟರೆ ಆ ಕ್ಷಣದಲ್ಲೇ ಪ್ಲಾಂಟ್ ಕಡೆ ಟೇಪ್ ಮಾಯ. ನಾವು ಝೋನ್ ಹೆಸರಿನ ಕೊನೆಗೆ ಪ್ಲಾಂಟ್ ಬ್ಯಾಕಪ್ ಅಂತ ಸೇರಿಸಿರುವುದು ಅದಕ್ಕೇ.