ಬಾಯಾರಿಕೆ ಇತ್ತು, ದಾರಿ ಹಿಡಿಯುವುದು ಬಾಕಿ ಇತ್ತು

ದೇವರು ಬೇಕು ಅನ್ನಿಸುತ್ತದೆ, ಆದರೆ ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲೋದೇ ಇಲ್ಲ ಅಂತ ನಮ್ಮ ಚರ್ಚಿನ ಸಭೆಯ ಹುಡುಗಿಯರು ಆಗಾಗ ಹೇಳುತ್ತಾರೆ. ನನಗೂ ವರ್ಷಗಟ್ಟಲೆ ಹಾಗೇ ಇತ್ತು. ಆಮೇಲೆ ನಾನು ಏನು ಮಾಡಿದೆ ಅನ್ನೋದನ್ನು ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ನಾವು ಗದಗ-ಬೆಟಗೇರಿ ಕಡೆಯವರು. ಕ್ರೈಸ್ತ ಧರ್ಮ ಸಾರಲು ಸ್ವಿಟ್ಜರ್ಲೆಂಡಿನಿಂದ ಹೊರಟ ಬಾಸೆಲ್ ಮಿಷನ್ನವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಧಾರವಾಡ, ಹುಬ್ಬಳ್ಳಿ, ನಮ್ಮ ಕಡೆಗೂ ಬಂದರಲ್ಲ, ಆ ಕಾಲದಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದವರನ್ನು ಎಷ್ಟೋ ಮನೆಗಳಲ್ಲಿ ಹೊರಗೆ ಹಾಕಿದರು. ಹೊಲ ಹೋಯಿತು, ನೆಂಟರು ಹೋದರು. ಅಂಥವರ ಹೊಟ್ಟೆಪಾಡಿಗೆ ಅಂತಲೇ ಮಿಷನ್ನವರು ನೇಯ್ಗೆ, ಹಂಚಿನ ಕಾರ್ಖಾನೆ ಹಾಕಿದ್ದು. ಶಿಲುಬೆ ಹೊತ್ತು ನನ್ನ ಹಿಂದೆ ಬಾ ಅಂತ ಯೇಸು ಹೇಳಿದ್ದರ ಅರ್ಥ ಏನು ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗೆ ಎಲ್ಲವೂ ಹುಟ್ಟಿನಿಂದಲೇ ಸಿಕ್ಕಿತ್ತು. ಸಂಡೇ ಸ್ಕೂಲು, ಹಾಡು, ಕ್ರಿಸ್ಮಸ್ಸಿನ ಹೊಸ ಸೀರೆ. ಆದರೂ ಒಳಗೆ ಏನೋ ಖಾಲಿ. ಹಾಡುವಾಗ ಕಣ್ಣು ತುಂಬುತ್ತಿತ್ತು, ಸೋಮವಾರ ಬೆಳಗ್ಗೆ ಏನೂ ಉಳಿಯುತ್ತಿರಲಿಲ್ಲ.

ಮೊದಲು ಹಿಡಿದದ್ದು ಸತ್ಯವೇದದ, ಅಂದರೆ ಬೈಬಲಿನ, ಕೀರ್ತನೆಗಳನ್ನು. ದೇವರಿಗೆ ಹಾಡಿದ ಪ್ರಾರ್ಥನೆಯ ಹಾಡುಗಳು ಅವು. ಒಟ್ಟು 150 ಇವೆ, ದಿನಕ್ಕೆ ಐದರಂತೆ ಓದಿದರೆ ತಿಂಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. 119ನೆಯದು ಒಂದೇ 176 ವಚನ. ಅದನ್ನು 31ನೇ ತಾರೀಖಿಗೆ ಎತ್ತಿಡುತ್ತೇನೆ, 31 ಇಲ್ಲದ ತಿಂಗಳಲ್ಲಿ ಭಾನುವಾರ ಮಧ್ಯಾಹ್ನ ಕೂತು ಓದುತ್ತೇನೆ. ಕುಕ್ಕರ್ ಇಡುವ ಮುಂಚೆ, ಅಡುಗೆಮನೆಯ ಮೇಜಿನ ಹತ್ತಿರ, ಫೋನು ಬೇರೆ ಖೋಲಿಯಲ್ಲಿ. ಬಾಯಿಬಿಟ್ಟು ಓದುತ್ತೇನೆ. ಕಣ್ಣಲ್ಲಿ ಮಾತ್ರ ಓದಿದರೆ ಮನಸ್ಸು ಹಾಲಿನವನ ಲೆಕ್ಕಕ್ಕೆ ಹೋಗಿಬಿಡುತ್ತದೆ.

ಶುರುವಿನಲ್ಲಿ ಏನೂ ಅನ್ನಿಸಲಿಲ್ಲ. ಅನ್ನಿಸದೇ ಇದ್ದರೂ ಓದಿದೆ. ಹಾಗೆ ಓದುವಾಗಲೇ 42ನೇ ಕೀರ್ತನೆ ಒಂದು ದಿನ ತಡೆದು ನಿಲ್ಲಿಸಿತು. ಜಿಂಕೆ ನೀರಿಗೆ ಹಂಬಲಿಸುವ ಹಾಗೆ ದೇವರಿಗೆ ಹಂಬಲಿಸುವ ಕೀರ್ತನೆ ಅದು, ನಮ್ಮ ಸಭೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಹಾಡುವವನು ಎಲ್ಲಿದ್ದಾನೆ ನೋಡಿ. ಯೆರೂಸಲೇಮಿನ ದೇವಾಲಯದಿಂದ ದೂರ, ಯೊರ್ದನ್ ನದಿಯ ಸೀಮೆಯಲ್ಲಿ, ಹೆರ್ಮೋನ್ ಬೆಟ್ಟದ ಕಡೆ. ಹಗಲೂ ರಾತ್ರಿ ಕಣ್ಣೀರೇ ಊಟ. ನಿನ್ನ ದೇವರು ಎಲ್ಲಿ ಅಂತ ಜನ ಕೇಳುತ್ತಿದ್ದಾರೆ. ಹಬ್ಬಕ್ಕೆ ಗುಂಪಿನ ಜೊತೆ ಹೋಗುತ್ತಿದ್ದ ದಿನಗಳನ್ನು ನೆನೆಸಿಕೊಳ್ಳುತ್ತಾನೆ, ಯಾಕೆ ಕುಗ್ಗಿದ್ದೀಯ ಅಂತ ತನ್ನ ಮನಸ್ಸನ್ನೇ ಕೇಳಿಕೊಳ್ಳುತ್ತಾನೆ, 43ನೆಯದನ್ನೂ ಸೇರಿಸಿದರೆ ಮೂರು ಸಲ. ದೇವರು ಹತ್ತಿರ ಇದ್ದಾನೆ ಅನ್ನಿಸುತ್ತಿಲ್ಲ ಅವನಿಗೆ. ಆ ಹೊತ್ತಿನಲ್ಲೇ ಹಾಡುತ್ತಿದ್ದಾನೆ. ನನ್ನ ಒಣಗಿದ ಪ್ರಾರ್ಥನೆಯೂ ಹಂಬಲವೇ ಅಂತ ಆವತ್ತು ಅರ್ಥ ಆಯಿತು. ಬಹಳ ಕೆಟ್ಟ ದಿನಗಳಲ್ಲಿ 88 ಒಂದನ್ನೇ ಓದುತ್ತೇನೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರ ಸೇರಿಸಿಲ್ಲ. ಅದೂ ಸತ್ಯವೇದದಲ್ಲಿ ಇದೆ ಅನ್ನೋದೇ ಎಷ್ಟೋ ಸಮಾಧಾನ.

ಆದರೆ ಬರೀ ಓದಿನಲ್ಲಿ ಮುಗಿಯಲಿಲ್ಲ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಸ್ವಾಮಿ ಹೇಳಿದ್ದು ಇದೆಯಲ್ಲ, ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಒಂದಾಗು ಅಂತ. ಅಪ್ಪನ ಮನೆಯ ವಿಷಯಕ್ಕೆ ಅಣ್ಣನಿಗೂ ನನಗೂ ಮಾತು ನಿಂತಿತ್ತು. ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಭಾನುವಾರ ಬಂದರೆ ಸಾಕು, ಅದೇ ನೆನಪು.

ಒಂದು ಶನಿವಾರ ಸಂಜೆ ಹೋದೆ. ಅಣ್ಣ ಪೇಪರು ಓದುತ್ತಿದ್ದ. ನನ್ನನ್ನು ನೋಡಿ ಮಡಚಿದ, ಮತ್ತೆ ಬಿಚ್ಚಿದ, ಮತ್ತೆ ಮಡಚಿದ. "ಅಣ್ಣಾ, ಮನಿ ಮಾತು ಆಡಾಕ ಬಂದಿಲ್ಲ. ನಿನ್ನ ಜೋಡಿ ಮಾತು ಬಿಟ್ಟ ಮ್ಯಾಲೆ ನಂಗ ಪ್ರಾರ್ಥನಿ ಮಾಡಾಕ ಆಗವಲ್ದು," ಅಂದೆ. ಅವನು ಏನೂ ಅನ್ನಲಿಲ್ಲ. ವೈನಿ ಚಹಾ ತಂದರು. ಬಹಳ ಹೊತ್ತಾದ ಮೇಲೆ, ಮುಖ ನೋಡದೆ, "ಊಟ ಮಾಡ್ಕೊಂಡ ಹೋಗ ತಂಗಿ," ಅಂದ. ಅಷ್ಟೇ. ಉಂಡು ಬಂದೆ.

ಮನೆಯ ವಿಷಯ ಇನ್ನೂ ಬಗೆಹರಿದಿಲ್ಲ. ಮೇಲಿನ ಖೋಲಿಯ ಬಾಡಿಗೆಯಲ್ಲಿ ನನಗೆ ಬರಬೇಕಾದ ಹಳೆ ಬಾಕಿ ಬಿಟ್ಟೆ, ಸುಮ್ನೆ ಅಲ್ಲ, ಕಷ್ಟಪಟ್ಟು ಬಿಟ್ಟೆ. ಹಾಗಂತ ಹೆಣ್ಣುಮಕ್ಕಳು ಪಾಲು ಬಿಟ್ಟುಕೊಡಬೇಕು ಅಂತ ನಾನು ಹೇಳುತ್ತಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ನಮ್ಮ ಕ್ರೈಸ್ತರಲ್ಲಿ ಮಗನಿಗೂ ಮಗಳಿಗೂ ಸಮಪಾಲು ಕೊಡುತ್ತದೆ, ನನ್ನ ಪಾಲು ನನಗೆ ಬೇಕು. ಕ್ಷಮಿಸು ಅಂತ ಹೆಂಗಸರಿಗೆ ಮಾತ್ರ ಬೋಧಿಸುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನು ಬಿಟ್ಟದ್ದು ಯಾರ ಒತ್ತಾಯಕ್ಕೂ ಅಲ್ಲ.

ಆ ಮೇಲಿನ ದಿನಗಳಲ್ಲಿ ಪ್ರಾರ್ಥನೆ ಬದಲಾಯಿತು. ಹಂಬಲ ತೀರಲಿಲ್ಲ, ಜಾಸ್ತಿಯೇ ಆಯಿತು. ಆದರೆ ಅದರಲ್ಲಿ ಮೊದಲಿನ ಖಾಲಿತನ ಇರಲಿಲ್ಲ. ನೀರಿಲ್ಲದ ಒಣ ನೆಲದಲ್ಲಿ ನಿಂತು ದಾವೀದ ಹೇಳುವ 63ನೇ ಕೀರ್ತನೆ ಈಗ ನನ್ನ ಬಾಯಲ್ಲಿ ತಾನಾಗೇ ಬರುತ್ತದೆ.

ಒಬ್ಬರೇ ಇದನ್ನು ಮಾಡಬೇಡಿ. ಬುಧವಾರ ಸಂಜೆ ನಾನೂ ಸಭೆಯ ಇನ್ನೊಬ್ಬ ಅಕ್ಕನೂ ಕೂಡುತ್ತೇವೆ. ಏನು ಓದಿದೆ ಅಂತ ಅವರು ಕೇಳೋದಿಲ್ಲ. ಓದಿದ್ದರಲ್ಲಿ ಯಾವುದನ್ನು ಮಾಡಿದೆ ಅಂತ ಕೇಳುತ್ತಾರೆ. ಹೊಸದಾಗಿ ಶುರು ಮಾಡುವವರಿಗೆ ಅವರು ಲೂಕನ ಸುವಾರ್ತೆಯ 14ನೇ ಅಧ್ಯಾಯ ಓದಿಸುತ್ತಾರೆ, ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನಲ್ಲ, ಆ ಭಾಗ. ಆಮೇಲೆ ಒಂದು ಹಾಳೆ ಕೊಟ್ಟು, ಯೇಸುವಿನ ಹಿಂದೆ ಹೋದರೆ ನಿನಗೆ ಏನೇನು ಹೋಗಬಹುದು, ಹೆಸರು ಹಿಡಿದು ಬರಿ ಅನ್ನುತ್ತಾರೆ. ಆ ಹಾಳೆಯನ್ನು ಯಾರಿಗೂ ತೋರಿಸಬೇಕಾಗಿಲ್ಲ.