ನಾಲ್ಕು ನಾಜಲ್ ಮೇಲೆ ನಿಂತ ಸೀ ಹ್ಯಾರಿಯರ್: ನನ್ನ ಅನುಭವ

ಸೀ ಹ್ಯಾರಿಯರ್ ಅಂದರೆ ನೆಟ್ಟಗೆ ಏಳಬಲ್ಲ, ನಮ್ಮ ನೌಕಾಪಡೆಯ ಹಳೇ ಜೆಟ್. ಅದರ ನನ್ನ ರಿಮೋಟ್ ಮಾಡೆಲ್ ನಾಲ್ಕು ನಾಜಲ್‌ಗಳ (ತಿರುಗಿಸಬಹುದಾದ ಗಾಳಿ ಬಾಯಿಗಳ) ಗಾಳಿಯ ಮೇಲೇ ನೆಟ್ಟಗೆ ಎದ್ದು, ನಿಮಿಷದ ಹತ್ತಿರ ನಿಂತು, ಇಳಿಯಿತು. ಹೊಟ್ಟೆಯೊಳಗೆ ಡ್ರೋನ್ ಬಚ್ಚಿಟ್ಟಿಲ್ಲ. "ಡಕ್ಟ್ (ಗಾಳಿ ಕೊಳವೆ) ಬಗ್ಗಿಸಿದ್ರೆ ಅರ್ಧ ಥ್ರಸ್ಟ್ (ತಳ್ಳುವ ಬಲ) ಹೋಗುತ್ತೆ, ಸುಮ್ನೆ ದುಡ್ಡು ದಂಡ" ಎಂದವರೇ ಈಗ ವೀಡಿಯೊ ಕೇಳುತ್ತಿದ್ದಾರೆ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮೊದಲ ಡಕ್ಟಿನಲ್ಲಿ ಹೆಚ್ಚುಕಡಿಮೆ ಅರ್ಧ ಹೋಗಿಯೇ ಇತ್ತು.

ಉದ್ದ ಒಂದೂವರೆ ಮೀಟರಿಗೆ ಸ್ವಲ್ಪ ಕಮ್ಮಿ. ತೂಕ ಬ್ಯಾಟರಿ ಸೇರಿ ನಾಲ್ಕು ಕಿಲೋ ಆಸುಪಾಸು. 6ಎಸ್ (ಆರು ಸೆಲ್) ಬ್ಯಾಟರಿ ಮೇಲೆ ಓಡುವ 90 ಎಂಎಂ ಇಡಿಎಫ್ (ಕೊಳವೆಯೊಳಗಿನ ವಿದ್ಯುತ್ ಫ್ಯಾನ್) ಎರಡು. ಅಸಲಿ ವಿಮಾನದಲ್ಲಿ ಇರೋದು ಒಂದೇ ಪೆಗಾಸಸ್ ಎಂಜಿನ್. ಫ್ಯಾನಿನ ತಣ್ಣನೆ ಗಾಳಿ ಮುಂದಿನ ಎರಡು ನಾಜಲ್‌ಗೆ, ಟರ್ಬೈನಿನ ಬಿಸಿ ಗಾಳಿ ಹಿಂದಿನ ಎರಡಕ್ಕೆ. ನಾನು ಮುಂದಕ್ಕೊಂದು, ಹಿಂದಕ್ಕೊಂದು ಫ್ಯಾನ್ ಹಾಕಿದೆ. ಹಿಂದಿನದಕ್ಕೆ ಗಾಳಿ ಬರಲು ಬೆನ್ನಿನ ಮೇಲೊಂದು ಕಿಂಡಿ ಕೊರೆದಿದ್ದೇನೆ. ಅಸಲಿಯಲ್ಲಿ ಅದಿಲ್ಲ. ಎಲ್ಲ ಅಸಲಿಯಂತೆಯೇ ಇರಬೇಕೆನ್ನುವ ಸ್ಕೇಲ್ ಶಿಸ್ತಿನವರು ಬೈಯಬಹುದು, ಬೈಯಲಿ.

ಬೆಂಚಿನ ಮೇಲೆ ಒಂದೊಂದು ಫ್ಯಾನೂ ಮೂರೂವರೆ ಕಿಲೋ ತಳ್ಳುತ್ತಿತ್ತು. 3ಡಿ ಪ್ರಿಂಟ್ ಮಾಡಿದ ಮೊಣಕೈ ಡಕ್ಟ್ ಜೋಡಿಸಿದ ಮೇಲೆ ತಕ್ಕಡಿ ಎರಡು ಕಿಲೋ ದಾಟಲಿಲ್ಲ. ವಿಮಾನ ಕದಲಲಿಲ್ಲ, ಕೆರೆ ಅಂಗಳದ ಧೂಳು ಮಾತ್ರ ಎದ್ದಿತು. ಆ ಧೂಳನ್ನು ಫ್ಯಾನೇ ಮತ್ತೆ ಎಳೆದುಕೊಂಡಿತು. ಫುಲ್ ಥ್ರೊಟಲ್‌ನಲ್ಲೇ ಹಿಡಿದಿದ್ದಕ್ಕೆ ಒಂದು ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಸುಟ್ಟುಹೋಯಿತು. ಆರೇಳು ಸಾವಿರ ಅಲ್ಲೇ ಹೊಗೆ.

ದಾರಿ ಕಂಡಿದ್ದು ಗೋವಾದಲ್ಲಿ. ದಾಬೋಲಿಂ ಹತ್ತಿರದ ನೌಕಾಪಡೆ ವಿಮಾನ ಮ್ಯೂಸಿಯಮ್ಮಿನಲ್ಲಿ ಸೀ ಹ್ಯಾರಿಯರ್ ನಿಂತಿದೆ. 1983ರಲ್ಲಿ ಬಂದು 2016ರಲ್ಲಿ ನಿವೃತ್ತಿಯಾದ ಜಾತಿ. ನಾಜಲ್ ಬಾಯಿಗೆ ಕಣ್ಣಿಟ್ಟು ನೋಡಿ. ಅದು ಬರೀ ಬಗ್ಗಿದ ಕೊಳವೆಯಲ್ಲ, ಒಳಗೆ ಬಾಗಿದ ಪಟ್ಟಿಗಳಿವೆ. ಗಾಳಿ ಹೊರಗೋಡೆಗೆ ಹೋಗಿ ಗುದ್ದಿಕೊಳ್ಳುವ ಬದಲು ಪಟ್ಟಿಗಳ ನಡುವೆ ಪಾಲಾಗಿ ತಿರುಗುತ್ತೆ. ಮನೆಗೆ ಬಂದು ಅದನ್ನೇ ಪ್ರಿಂಟ್ ಮಾಡಿದೆ. ನಷ್ಟ ಥ್ರಸ್ಟಿನ ಅರ್ಧದಿಂದ ಕಾಲು ಭಾಗಕ್ಕೆ ಇಳಿಯಿತು. ಎರಡೂ ಫ್ಯಾನ್ ಸೇರಿ ಐದು ಕಿಲೋ ಮೇಲೆ ಸಿಕ್ಕಿತು. ಪಟ್ಟಿ ಎಷ್ಟು, ಅಂತರ ಎಷ್ಟು ಅಂತ ಇಲ್ಲಿ ಬರೆಯಲ್ಲ. ಅದಕ್ಕೆ ಫಿಲಮೆಂಟ್ (ಪ್ರಿಂಟರಿನ ಪ್ಲಾಸ್ಟಿಕ್ ಎಳೆ) ರೋಲುಗಟ್ಟಲೆ ಸುರಿದಿದ್ದೇನೆ.

ಏರ್ ಇನ್‌ಟೇಕಿನ (ಗಾಳಿ ಒಳಗೆಳೆಯುವ ಬಾಯಿಯ) ಸುತ್ತ ಇರುವ ಪುಟ್ಟ ಬಾಗಿಲುಗಳನ್ನೂ ಅಲ್ಲೇ ಗಮನಿಸಿದೆ. ನಿಂತ ವಿಮಾನದಲ್ಲಿ ಮೇಲಿನವು ತಮ್ಮ ಭಾರಕ್ಕೇ ಒಳಕ್ಕೆ ಜೋತುಬಿದ್ದಿರುತ್ತವೆ. ವೇಗವಿಲ್ಲದಾಗ ಹೆಚ್ಚು ಗಾಳಿ ನುಂಗಲು ಅವು ಬೇಕು. ನಾನು ಓಹೆಚ್‌ಪಿ ಶೀಟ್ (ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕತ್ತರಿಸಿ ಟೇಪಿನ ಕೀಲು ಹಾಕಿದೆ. ಥ್ರೊಟಲ್ ಕೊಟ್ಟರೆ ಪಟಪಟ ತೆರೆಯುತ್ತವೆ. ಇನ್ನೂರು ಗ್ರಾಂ ಥ್ರಸ್ಟ್ ಪುಕ್ಕಟೆ!

ಇನ್ನು ಬ್ಯಾಲೆನ್ಸ್. ಹೋವರ್‌ನಲ್ಲಿ, ಅಂದರೆ ಗಾಳಿಯಲ್ಲಿ ನಿಂತಾಗ, ಏಲೆರಾನ್, ರಡ್ಡರ್ (ರೆಕ್ಕೆ, ಬಾಲದ ಅಲುಗುವ ಪಟ್ಟಿಗಳು) ಯಾವುದೂ ಕೆಲಸಕ್ಕೆ ಬಾರದು. ಅಸಲಿಯಲ್ಲಿ ಎಂಜಿನ್ನಿನ ಕಂಪ್ರೆಸರ್‌ನಿಂದ ಗಾಳಿ ಕದ್ದು ಮೂತಿ, ಬಾಲ, ರೆಕ್ಕೆ ತುದಿಗಳಲ್ಲಿ ಊದುತ್ತಾರೆ. ನಾನೂ ಡಕ್ಟಿಗೆ ಸಣ್ಣ ಪೈಪ್ ಸಿಕ್ಕಿಸಿ ನೋಡಿದೆ. ರೆಕ್ಕೆ ತುದಿಗೆ ಬರುವಷ್ಟರಲ್ಲಿ ಅದು ಮೇಣದಬತ್ತಿ ಆರಿಸಲೂ ಸಾಲದು. ಇಡಿಎಫ್ ಗಾಳಿಗೆ ಆ ಒತ್ತಡ ಎಲ್ಲಿ ಬರಬೇಕು? ಪೈಪ್ ಕಿತ್ತು, ತುದಿಗಳಲ್ಲಿ 30 ಎಂಎಂ ಮರಿ ಫ್ಯಾನ್ ಕೂರಿಸಿದೆ.

ಯಾ (ಮೂತಿಯನ್ನು ಎಡಬಲಕ್ಕೆ ತಿರುಗಿಸುವುದು) ಮಾತ್ರ ನಾಜಲ್‌ನಿಂದಲೇ. ಅಸಲಿಯಲ್ಲಿ ನಾಲ್ಕೂ ನಾಜಲ್ ಚೈನಿನಿಂದ ಜೋಡಿಸಿದವು, ಒಟ್ಟಿಗೇ ತಿರುಗಬೇಕು. ನಾನು ಒಂದೊಂದಕ್ಕೂ ಬೇರೆ ಸರ್ವೋ (ಹೇಳಿದಷ್ಟೇ ತಿರುಗುವ ಪುಟ್ಟ ಮೋಟಾರ್) ಕೊಟ್ಟೆ. ಎಡದವು ಚೂರು ಹಿಂದೆ, ಬಲದವು ಚೂರು ಮುಂದೆ, ಮೂತಿ ತಿರುಗಿತು. "ನಾಲ್ಕು ಸರ್ವೋ ಒಂದೇ ಸಮ ಹೇಗಯ್ಯಾ ತಿರುಗುತ್ತೆ" ಎಂದು ನಕ್ಕಿದ್ದರು. ಓಲಾಟ ಅಳೆದು ಸರಿಪಡಿಸುವ ಗೈರೊ ಇದೆಯಲ್ಲ, ಅದು ನೋಡಿಕೊಳ್ಳುತ್ತೆ. ಮಿಕ್ಸಿಂಗ್ ಕರ್ವ್ (ಯಾವ ನಾಜಲ್ ಎಷ್ಟು ತಿರುಗಬೇಕೆಂಬ ಸೆಟ್ಟಿಂಗ್) ಕೂಡ ನನ್ನ ಹತ್ತಿರವೇ ಇರಲಿ.

ಹಿಂದಿನ ಫ್ಯಾನ್ ಉಲ್ಟಾ ತಿರುಗುವಂಥದ್ದು ತನ್ನಿ. ಪೆಗಾಸಸ್ ಒಳಗಿನ ಎರಡು ಸ್ಪೂಲ್‌ಗಳೂ (ತಿರುಗುವ ಭಾಗಗಳೂ) ಎದುರುಬದುರು ತಿರುಗುವುದು ಇದೇ ಕಾರಣಕ್ಕೆ. ಇಲ್ಲದಿದ್ದರೆ ಮೂತಿ ಎತ್ತಿದಾಗ ವಿಮಾನ ಪಕ್ಕಕ್ಕೆ ಎಳೆಯುತ್ತೆ. ಉಲ್ಟಾ ರೋಟರ್ ಎರಡು ಸಾವಿರ ಜಾಸ್ತಿ. ನನಗೆ ಮೊದಲು ಕಳಿಸಿದ ರೋಟರ್ ಅದುರುತ್ತಿತ್ತು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಪಕ್ಕದ ಗಾಳಿ ಬಲು ಕೆಟ್ಟದ್ದು. ಇನ್‌ಟೇಕ್ ಅಷ್ಟೊಂದು ಗಾಳಿ ನುಂಗುವಾಗ ಗಾಳಿ ಓರೆಯಾಗಿ ಬಂದರೆ ಮೂತಿ ಗಾಳಿಯಿಂದ ಆಚೆ ತಿರುಗಿ, ರೆಕ್ಕೆ ವಾಲಿ, ಮಗುಚುತ್ತೆ. ಅಸಲಿಯಲ್ಲಿ ಗಾಳಿಯ ದಿಕ್ಕು ತೋರಿಸಲು ಪೈಲಟ್ ಮುಂದೆ, ಗಾಜಿನ ಹೊರಗೆ, ಪುಟ್ಟ ಸೂಚಿ ಇದೆ. ದೂರದಲ್ಲಿ ನಿಂತ ನಮಗೆ ಆ ಭಾಗ್ಯ ಇಲ್ಲ. ಒಂದು ಮೂತಿ, ಒಂದು ರೆಕ್ಕೆ ಹೀಗೇ ಹೋದವು. ಈಗ ಬೆಳಗ್ಗೆ ಏಳರೊಳಗೆ ಮಾತ್ರ ಹಾರಿಸುತ್ತೇನೆ.

ನೆಲದಿಂದ ಒಂದಡಿ ಒಳಗಿದ್ದಾಗ ವಿಮಾನವನ್ನು ಕೆಳಕ್ಕೆ ಎಳೆದಂತಾಗುತ್ತೆ. ಹೊಟ್ಟೆಯಡಿಯ ಗಾಳಿಯನ್ನು ಜೆಟ್‌ಗಳು ಎಳೆದುಕೊಂಡು ಹೋಗುತ್ತವೆ. ಅಸಲಿಯಲ್ಲಿ ಹೊಟ್ಟೆಯಡಿಯ ಎರಡು ಗನ್ ಪಾಡ್‌ಗಳು (ಬಂದೂಕಿನ ಗೂಡುಗಳು) ನೆಲಕ್ಕೆ ಬಡಿದು ಪುಟಿಯುವ ಗಾಳಿಯನ್ನು ಹಿಡಿದು ಮೇಲಕ್ಕೆ ತಳ್ಳಿಸುತ್ತವೆ. ಆ ಜಾಗದಲ್ಲಿ ಡೆಪ್ರಾನ್ (ಹಗುರ ಫೋಮ್) ಪಟ್ಟಿ ಅಂಟಿಸಿದೆ. ಏಳುವಾಗಿನ ಥ್ರೊಟಲ್ ಕಣ್ಣಿಗೆ ಕಾಣುವಷ್ಟು ಇಳಿಯಿತು.

ನಡುವೆ ಒಂದು ಹುಚ್ಚು. ವಿಮಾನವಾಹಕ ವಿರಾಟ್ ಹಡಗಿನ ಮುಂತುದಿ 12 ಡಿಗ್ರಿ ಏರಿತ್ತಲ್ಲ, ಹಾಗೆ ಪ್ಲೈವುಡ್ ರ‍್ಯಾಂಪ್ ಮಾಡಿದೆ. ಅಸಲಿ ಹ್ಯಾರಿಯರ್ ಕೂಡ ಪೂರ್ತಿ ಬಾಂಬ್, ಇಂಧನ ಹೊತ್ತು ನೆಟ್ಟಗೆ ಏಳಲಾರದು. ಚೂರು ಓಡಿ ಜಿಗಿದು, ಹಗುರಾಗಿ ಬಂದು ನೆಟ್ಟಗೆ ಇಳಿಯೋದು ಅದರ ಪದ್ಧತಿ. ರ‍್ಯಾಂಪ್ ತುದಿಯಲ್ಲಿ ನಾಜಲ್ ಅರ್ಧ ಇಳಿಸಿದೆ, ಮುಕ್ಕಾಲು ಥ್ರೊಟಲ್‌ನಲ್ಲೇ ಎದ್ದಿತು. ಪೂರ್ತಿ ಹಿಂದಕ್ಕೆ ತಿರುಗಿಸುವ ಧೈರ್ಯ ಇನ್ನೂ ಬಂದಿಲ್ಲ. ಆಗ ಭಾರ ಹೊರಲು ಈ ರೆಕ್ಕೆಗೆ ಗಂಟೆಗೆ ಅರವತ್ತು ಕಿಲೋಮೀಟರ್ ವೇಗವಾದರೂ ಬೇಕು.

ಎರಡು ಫ್ಯಾನ್ ಇಪ್ಪತ್ತು ಸಾವಿರ, ಎರಡು 5000 ಎಂಎಎಚ್ ಬ್ಯಾಟರಿ ಹದಿನೇಳು, ಉಳಿದದ್ದೆಲ್ಲ ಸೇರಿ ಎಂಬತ್ತು ಸಾವಿರ ದಾಟಿದೆ. ಅಗ್ಗದ ಬ್ಯಾಟರಿ ಬೇಡ, ತೊಂಬತ್ತು ಆಂಪ್ಸ್ ಎಳೆದರೆ ಊದಿಕೊಳ್ಳುತ್ತೆ. ಟೈಮರ್ ಒಂದೂವರೆ ನಿಮಿಷಕ್ಕಿಡಿ. ಡಕ್ಟಿನ ಫೈಲ್ ಬೇಕಾದವರು ಕೇಳಿ, ಕೊಡ್ತೀನಿ. ನಾಜಲಿನದು ಮಾತ್ರ ಕೇಳಬೇಡಿ.